ಹೆಬ್ಬೆರಳಿನ ಸುರುಳಿ

"ಅಚ್ಚನ್ನ ಬರಿಗೈಲಿ ಮುಟ್ಟಿದ್ದು ಯಾರು?" ಮೇಸ್ತ್ರಿಯ ಕೂಗಿಗೆ ಪ್ಲಾಸ್ಟಿಕ್ ಕಾರ್ಖಾನೆಯ ಕೆಲಸಗಾರರೆಲ್ಲ ತಂತಮ್ಮ ಕೈಗವಸು ನೋಡಿಕೊಂಡರು. ರಕ್ತಪರೀಕ್ಷೆಗೆ ಬಳಸುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಒತ್ತಿ ತೆಗೆಯಲೆಂದು ಎಂಟು ತಿಂಗಳು ಕಾದು ಮಾಡಿಸಿದ ಒಂದೇ ಒಂದು ಅಚ್ಚು ಅದು. ಬಿಲ್ಲೆಯಲ್ಲಿ ರಕ್ತ ಹರಿಯುವ ದಾರಿ ಮೂಡಿಸಲು ಅದರ ಮೈತುಂಬ ಕೂದಲಿಗಿಂತ ಸಣ್ಣ ಗೀರುಗಳು. ಬೆರಳು ತಾಗಿದರೆ ಬೆವರು ಲೋಹವನ್ನೇ ತಿಂದುಬಿಡುತ್ತದೆ, ಆಮೇಲೆ ಬ್ರಹ್ಮ ಬಂದರೂ ಸರಿಹೋಗಲ್ಲ ಎಂದು ಎಲ್ಲರಿಗೂ ಬಡಕೊಂಡವನು ಈ ಮೇಸ್ತ್ರಿಯೇ.

ಬಿಲ್ಲೆಗಳನ್ನು ತಪಾಸಣೆ ಮಾಡುವ ಅವನ ತಂಗಿ ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದಳು. "ಅಣ್ಣಾ, ನೀನೇ ಒಂದ್ಸಲ ನೋಡು."

"ನಾನೇನು ನೋಡೋದು? ಯಾವ ದರಿದ್ರದವನ ಕೈ ಅಂತ ಹೇಳು, ಇವತ್ತೇ ಮನೆಗೆ ಕಳಿಸ್ತೀನಿ."

ಅವಳು ಕುರ್ಚಿ ತೋರಿಸಿದಳು. ಅವನು ಕೂತು ಕಣ್ಣಿಟ್ಟ. ಬಿಲ್ಲೆಯ ಗೀರುಗಳ ನಡುವೆ ಹೆಬ್ಬೆರಳಿನ ಸುರುಳಿ ಮೂಡಿತ್ತು. ಅದನ್ನು ಅಡ್ಡಕ್ಕೆ ಸೀಳಿದ ಹಳೇ ಗಾಯದ ಗೆರೆಯೂ ಇತ್ತು. ಅಚ್ಚು ಎತ್ತಿಡುವ ಮುಂಚೆ ಅದರ ಮೇಲೊಮ್ಮೆ ಅದೇ ಗಾಯದ ಗುರುತಿದ್ದ ತನ್ನ ಹೆಬ್ಬೆರಳು ಆಡಿಸಿ ನೋಡುವುದು ಅವನ ಮೂವತ್ತು ವರ್ಷದ ಚಾಳಿ. ಮೊನ್ನೆಯೂ ಆಡಿಸಿದ್ದ ಅನ್ನುವುದು ಈಗ ನೆನಪಾಯಿತು.

"ವರದೀಲಿ ಯಾರ ಹೆಸರು ಬರೀಲಿ?" ತಂಗಿ ಮೆಲ್ಲಗೆ ಕೇಳಿದಳು. ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಅವನ ಬೆನ್ನ ಹಿಂದೆ ಅಚ್ಚಿನ ಯಂತ್ರ ಬಾಯಿ ತೆರೆದು, ಅದೇ ಗಾಯದ ಗೆರೆಯಿದ್ದ ಇನ್ನೊಂದು ಬಿಲ್ಲೆಯನ್ನು ಉದುರಿಸಿತು.