ಏಕಾದಶಿ ದಿನದ ಗ್ರೈಂಡರ್

ಬೆಳಿಗ್ಗೆ ಹನ್ನೊಂದಕ್ಕೆ ಮಗಳು ವೈಜಯಂತಿ ತನ್ನ ಹಳೆಯ ಕಂಪ್ಯೂಟರ್ ಆನ್ ಮಾಡಿದರೆ ನಾನು ಅಡುಗೆಮನೆಯಲ್ಲಿ ಗ್ರೈಂಡರ್ ಹಾಕುತ್ತೇನೆ. ಕಂಪ್ಯೂಟರಿನ ಫ್ಯಾನಿನ ಸದ್ದು ಹೊರಗೆ ಕೇಳಬಾರದು. ಹೊಸ ಕಂಪ್ಯೂಟರ್‌ಗಳಿಗೆ ಫ್ಯಾನೇ ಇಲ್ಲ. ಸರ್ಕಾರದ ಆದೇಶದಂತೆ ಹಳೆಯದನ್ನು ಒಪ್ಪಿಸದೆ ಇಟ್ಟುಕೊಂಡವರ ಮನೆಗೆ ಪೊಲೀಸ್ ಜೀಪು ಬರುತ್ತದೆ. ಹಿಂದಿನ ಬೀದಿಯ ಹುಡುಗಿಯನ್ನು ಜೀಪಿನಲ್ಲಿ ಕರೆದೊಯ್ದು ಎರಡು ತಿಂಗಳಾಯಿತು. ಅವಳ ಅಮ್ಮ ಈಗಲೂ ದಿನಾ ಗೇಟಿನಲ್ಲಿ ನಿಂತಿರುತ್ತಾಳೆ.

“ಕೊಟ್ಟುಬಿಡು ಪುಟ್ಟಿ” ಎಂದರೆ, “ನಾನು ಬರೆದ ಆಟಗಳೆಲ್ಲ ಇದರಲ್ಲಷ್ಟೇ ನಡೆಯೋದಮ್ಮ. ಹೊಸದರಲ್ಲಿ ಒಂದೂ ತೆರೆಯಲ್ಲ” ಎನ್ನುತ್ತಾಳೆ. ಒಂದೊಂದೇ ಬಿಡಿಭಾಗ ಹುಡುಕಿ ತಂದು ಜೋಡಿಸಿದವಳು. ಮತ್ತೆ ಒತ್ತಾಯಿಸಲು ನನ್ನಿಂದಾಗುವುದಿಲ್ಲ.

ಇಂದು ಗ್ರೈಂಡರ್ ತಿರುಗುತ್ತಿರುವಾಗ ಪಕ್ಕದ ಮನೆಯ ಪ್ರಮೀಳಮ್ಮ ಹಿತ್ತಿಲ ಬಾಗಿಲಿಗೆ ಬಂದರು.

“ಏನ್ರೀ ಇದು, ಏಕಾದಶಿ ದಿನ ಅಕ್ಕಿ ರುಬ್ತಿದೀರಾ?”

ನಾನು ಮರೆತೇಬಿಟ್ಟಿದ್ದೆ. ಇಡೀ ಬೀದಿ ಉಪವಾಸವಿರುವ ದಿನ. “ನಾಳೆ ದೋಸೆಗೆ...” ಎನ್ನುವಷ್ಟರಲ್ಲಿ ಅವರು ಗ್ರೈಂಡರ್ ಒಳಗೆ ಬಗ್ಗಿ ನೋಡಿದರು. ಕಲ್ಲು ಬರೀ ನೀರಿನಲ್ಲಿ ತಿರುಗುತ್ತಿತ್ತು. ನಾನು ಮಗಳ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತೆ.

ಪ್ರಮೀಳಮ್ಮ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. “ಏಕಾದಶಿಗೆ ಗ್ರೈಂಡರ್ ಹಾಕಿ ಸಿಕ್ಕಿಹಾಕ್ಕೋತೀರಾ? ನಾವು ಭಜನೆ ಹಾಕ್ತೀವಿ. ನಮ್ಮ ಯಜಮಾನ್ರದ್ದು ನಿಮ್ಮ ಹುಡುಗೀದಕ್ಕಿಂತ ಹಳೇದು.”

ಅವರು ಹೋದಮೇಲೆ ಗ್ರೈಂಡರ್ ನಿಲ್ಲಿಸಿದೆ. ಕಂಪ್ಯೂಟರನ್ನೂ ಆಫ್ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಭಜನೆ ಜೋರಾಗಿ ಶುರುವಾಯಿತು. ಮಗಳ ಕೈ ಹಿಡಿದು ಕೂತು ಕೇಳಿದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ, ಗೋಡೆಯಾಚೆಯ ಫ್ಯಾನಿನ ಸದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.