ಬಿಜಲಿಗೆ ನಿಲ್ಲಲು ಕಲಿಸಿದ ಮಧ್ಯಾಹ್ನ

ಮೊನ್ನೆ ಅಬಿಡ್ಸ್ ಪೇಟೆಯಲ್ಲಿ ಚೀಲದ ಪಟ್ಟಿ ಹೊಲಿಸುತ್ತ ನಿಂತಿದ್ದಾಗ ಬೆವರು ಹೀರಿದ ಹಳೆಯ ಚರ್ಮದ ವಾಸನೆ ಬಂತು; ಅಪ್ಪನ ಕುದುರೆ ಜೀನಿಗೂ ಅದೇ ವಾಸನೆಯಿತ್ತು.

ಅಪ್ಪ ಸಿಕಂದರಾಬಾದಿನ ಆಚೆಯ ಲಾಯವೊಂದರಲ್ಲಿ ಕುದುರೆ ಪಳಗಿಸುತ್ತಿದ್ದರು. ಬಿಜಲಿ ಎಂಬ ಹೆಣ್ಣು ಕುದುರೆ ದೂರದ ಓಟಗಳಲ್ಲಿ ಮುಂದಿನ ಕುದುರೆಗಳನ್ನು ಕಂಡರೆ ಹುಚ್ಚೆದ್ದು ಓಡುತ್ತಿತ್ತು. ಓಟದ ನಡುವೆ ನಿಲ್ಲಿಸಿ ವೈದ್ಯರು ತಪಾಸಣೆ ಮಾಡುವಾಗ ಎದೆಬಡಿತ ನಿಗದಿತ ಮಟ್ಟಕ್ಕೆ ಇಳಿಯದೆ ಎರಡು ಸಲ ಓಟದಿಂದ ಹೊರಬಿದ್ದಿತ್ತು. ಮುಂದಿನ ಓಟದಲ್ಲೂ ಹಾಗಾದರೆ ಮಾರಿಬಿಡುವುದಾಗಿ ಮಾಲೀಕರು ಹೇಳಿದ್ದರು.

ಆ ಓಟದ ಹಿಂದಿನ ದಿನ ಮಧ್ಯಾಹ್ನ ಅಪ್ಪ ಬಿಜಲಿಯ ಮೇಲೆ ಕೂತು ಬೇರೆ ಎರಡು ಕುದುರೆಗಳನ್ನು ಮುಂದೆ ಬಿಡಿಸುತ್ತಿದ್ದರು. ಬಿಜಲಿ ಜಗ್ಗಿದ ಕೂಡಲೇ ಸುತ್ತು ತಿರುಗಿಸಿ, ನಿಧಾನ ನಡೆಸಿ, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು. ಇನ್ನೂ ಚಿಕ್ಕವಳಾಗಿದ್ದ ನಾನು ಬೇಲಿಯ ಬಳಿ ನಿಂತು ನೋಡುತ್ತಿದ್ದೆ.

"ಮಾಸ್ತರ, ಇದು ತಾಲೀಮೋ, ಮದಿವಿ ಮೆರವಣಿಗಿಯೋ?" ಎಂದರು ಕಲಬುರಗಿ ಕಡೆಯ ಆ ಮಾಲೀಕರು.

"ಓಡೂದು ಅದಕ್ಕ ಬರತೈತ್ರಿ. ನಿಂದ್ರೂದು ಕಲಸಾಕತ್ತೀನಿ," ಎಂದರು ಅಪ್ಪ.

ಮಾಲೀಕರು ಗಡಿಯಾರ ನೋಡಿಕೊಂಡು ಕಾರಿನತ್ತ ಹೋದರು.

ಕೊನೆಗೊಮ್ಮೆ ಆ ಕುದುರೆಗಳು ದಾಟಿಹೋದರೂ ಬಿಜಲಿ ತಲೆ ತಗ್ಗಿಸಿ ನಿಂತಿತು. ಅಪ್ಪ ಇಳಿದು, ಅದರ ಮುಂಗಾಲ ಹಿಂದೆ ಅಂಗೈಯಿಟ್ಟು ಬಡಿತ ಎಣಿಸತೊಡಗಿದರು. ನಾನು ಖುಷಿ ತಡೆಯಲಾರದೆ ಚಪ್ಪಾಳೆ ತಟ್ಟಿಬಿಟ್ಟೆ. ಬಿಜಲಿ ಬೆಚ್ಚಿ ಮುಂಗಾಲೆತ್ತಿತು. ಲಗಾಮು ಅಪ್ಪನ ಬೆರಳು ತರಚಿತು.

ನಾನು ಅಳುವ ಮೊದಲೇ ಅಪ್ಪ ಅಂದರು, "ಇರಲಿ ಬಿಡವ್ವಾ. ನಾಳೆ ಅಲ್ಲೂ ಮಂದಿ ಚಪ್ಪಾಳಿ ಹೊಡೀತಾರ. ಇನ್ನೊಮ್ಮೆ ಹೊಡಿ."

ಅವರು ಮತ್ತೆ ಜೀನು ಏರಿದರು. ಪ್ರತಿ ಸುತ್ತಿಗೂ ಚಪ್ಪಾಳೆ ತಟ್ಟಿ ನನ್ನ ಅಂಗೈ ಉರಿಯುತ್ತಿತ್ತು. ಹೊತ್ತು ಇಳಿಯುವಾಗ ಬಿಜಲಿ ಬರೀ ಒಂದು ಕಿವಿ ಅಲ್ಲಾಡಿಸಿ ಸುಮ್ಮನೆ ನಿಂತಿತು. ಜೀನಿನ ಮೇಲೆ ಅಪ್ಪ ಲಗಾಮು ಸಡಿಲಬಿಟ್ಟು ನಿರಾಳವಾಗಿ ಕಣ್ಣು ಮುಚ್ಚಿಕೊಂಡಿದ್ದರು.