ಬುಡಕ್ಕೆ ಕೊಟ್ಟ ಮಣ್ಣು

ಚಿಕ್ಕವನು ತೋಟದ ನಡುವೆ ನಿಂತು ಅಣ್ಣನತ್ತ ಬೊಟ್ಟು ಮಾಡಿ, ತನ್ನ ಕಿತ್ತಳೆ ಮರಗಳಿಗೆ ವಿಷ ಹಾಕಿದವನು ಇವನೇ ಎಂದು ತೋಟಗಾರಿಕೆ ಕಚೇರಿಯಿಂದ ಬಂದ ಗಿಡದ ಡಾಕ್ಟರಿಗೆ ಹೇಳಿದ.

ಪಾಲಾದ ತೋಟ. ನಡುವೆ ಒಂದು ಕಾಲುದಾರಿ ಮಾತ್ರ. ಆಚೆ ಅಣ್ಣನ ಮರಗಳು ಕಾಯಿಯ ಭಾರಕ್ಕೆ ಬಾಗಿದ್ದವು. ಈಚೆ ತಮ್ಮನವು ಎಲೆಯೆಲ್ಲ ಹಳದಿಯಾಗಿ, ಕಾಂಡದಿಂದ ಕಂದು ಅಂಟು ಒಸರುತ್ತ ನಿಂತಲ್ಲೇ ಒಣಗುತ್ತಿದ್ದವು. ಒಂದೇ ಮಣ್ಣು, ಒಂದೇ ಬಾವಿ, ಒಟ್ಟಿಗೆ ನೆಟ್ಟ ಸಸಿಗಳು. ಒಡಹುಟ್ಟಿದವನ ಮೇಲೆ ಅನುಮಾನಪಡಲು ಇದಕ್ಕಿಂತ ಇನ್ನೇನು ಬೇಕು!

ತಾಯಿ ಚಿಕ್ಕವನ ಪಕ್ಕದಲ್ಲೇ ನಿಂತಿದ್ದಳು. ದೊಡ್ಡ ಮಗನ ಜೊತೆ ಮಾತು ಬಿಟ್ಟು ಒಂದು ಬೇಸಿಗೆಯೇ ಕಳೆದಿತ್ತು. ಅವನೂ ಮೊಂಡ. ನಾನಲ್ಲ ಎಂದು ಒಂದು ಸಲ ಹೇಳಿ ಬಾಯಿಗೆ ಬೀಗ ಹಾಕಿಕೊಂಡಿದ್ದ. ಇವತ್ತೂ ಡಾಕ್ಟರು ಹೇಳಿಕಳಿಸಿದ್ದಕ್ಕೆ ಬಂದಿದ್ದ, ಅಷ್ಟೇ.

ಡಾಕ್ಟರು ಮಂಡಿಯೂರಿ, ಮರದ ಬುಡಕ್ಕೆ ಏರಿಸಿದ್ದ ಹಸಿ ಮಣ್ಣನ್ನು ಬಗೆಯತೊಡಗಿದರು. ಹುಳಿ ನಾತ ಮೂಗಿಗೆ ಬಡಿಯಿತು. ಒಳಗಿನ ತೊಗಟೆ ಬೆಂದ ಗೆಣಸಿನ ಸಿಪ್ಪೆಯಂತೆ ಕೈಗೇ ಕಿತ್ತುಬಂತು.

"ವಿಷ ಅಲ್ಲ ಇದು. ಬುಡಕೊಳೆ ರೋಗ, ಬೂಷ್ಟಿನಿಂದ ಬರೋದು. ಕಸಿ ಕಟ್ಟಿದ ಗಂಟು ಯಾವಾಗಲೂ ಮಣ್ಣಿನಿಂದ ಮೇಲಿರಬೇಕು, ಗಾಳಿ ಆಡಬೇಕು. ಅದನ್ನ ಹೀಗೆ ಹೂತುಹಾಕಿದ್ದು ಯಾರು?"

ತಾಯಿಯ ಮುಖ ಬಿಳಿಚಿಕೊಂಡಿತು.

"ನಾನೇ," ಎಂದಳು. "ಇವನು ಮೊದಲಿಂದಲೂ ಮೆತ್ತಗೆ. ಇವನ ಗಿಡಗಳಾದ್ರೂ ಗಟ್ಟಿಯಾಗಿ ನಿಲ್ಲಲಿ ಅಂತ ದಿನಾ ಬುಡಕ್ಕೆ ಮಣ್ಣು ಕೊಟ್ಟು ನೀರು ಹೊಯ್ತಿದ್ದೆ."

ಆಚೆಯ ಮರಗಳಿಗೂ ಹಾಗೇ ಮಾಡಿದ್ದೀರಾ ಎಂದು ಡಾಕ್ಟರು ಗಾಬರಿಯಿಂದ ಕೇಳಿದರು.

"ಇಲ್ಲ. ದೊಡ್ಡವನ ಮರಗಳ ಕಡೆ ನಾನು ತಿರುಗಿಯೂ ನೋಡಿಲ್ಲ."

ಆಡಿದ ಮೇಲೆಯೇ ಆ ಮಾತು ಅವಳಿಗೆ ಕೇಳಿಸಿತು. ಚಿಕ್ಕವನು ಕುಸಿದು ಕೂತ. ಅವನನ್ನು ಎಬ್ಬಿಸುವುದನ್ನೂ ಮರೆತು ಅವಳು ದೊಡ್ಡವನ ಮುಖ ನೋಡಿದಳು. ಎಷ್ಟು ಕಾಲವಾಗಿತ್ತೋ ಹಾಗೆ ನೋಡಿ.

"ತಪ್ಪಾಯ್ತು ಕಣಪ್ಪ," ಎಂದಳು. "ಇನ್ಮೇಲೆ ನಿನ್ನ ಗಿಡಗಳನ್ನೂ ನಾನೇ ನೋಡ್ಕೋತೀನಿ."

ಈ ಒಂದು ಮಾತಿಗಾಗಿ ದೊಡ್ಡವನು ಚಿಕ್ಕಂದಿನಿಂದ ಕಾದಿದ್ದ. ಕಣ್ಣು ತುಂಬಿ ಬಂತು. ಆದರೆ ತಾಯಿ ಕಾಲುದಾರಿ ದಾಟಲು ಹೆಜ್ಜೆ ಎತ್ತಿದ್ದೇ ತಡ, ತನಗೇ ಅರಿವಿಲ್ಲದೆ ಅವನು ಎರಡೂ ತೋಳು ಚಾಚಿ ತನ್ನ ಮರಗಳಿಗೆ ಅಡ್ಡ ನಿಂತುಬಿಟ್ಟಿದ್ದ.